ಟೂಲ್‌ಬಾರಿಗೆ ಇನ್ನೊಂದು ಬಟನ್ ಬೇಕಂತೆ

ನಾನು ಕೆಲಸ ಮಾಡುವುದು ಗೆರೆ, ಆಕಾರಗಳನ್ನು ಜೋಡಿಸಿ ಚಿತ್ರ ಮಾಡುವ ಒಂದು ವೆಕ್ಟರ್ ಡ್ರಾಯಿಂಗ್ ಸಾಫ್ಟ್‌ವೇರ್ ತಂಡದಲ್ಲಿ. ಫ್ಲೆಕ್ಸ್, ಲಗ್ನಪತ್ರಿಕೆ, ಸ್ಟಿಕ್ಕರ್ ಕಟಿಂಗ್, ಐಡಿ ಕಾರ್ಡ್ ಮಾಡುವ ಅಂಗಡಿಗಳವರೇ ನಮ್ಮ ಗಿರಾಕಿಗಳು. ಸ್ವಲ್ಪ ಹಿಂದೆ ಸೇಲ್ಸ್‌ನವರಿಂದ ಒಂದು ಬೇಡಿಕೆ ಬಂತು. ಆಕಾರದ ಮೂಲೆಗಳನ್ನು ದುಂಡಗೆ ಮಾಡುವ ಟೂಲ್ ಬೇಕು, ಅದೂ ಎಡಗಡೆಯ ಟೂಲ್‌ಬಾರಿನಲ್ಲೇ ಬೇಕು. "ಒಂದು ಬಟನ್ ತಾನೇ?" ಅನ್ನೋ ಮಾತು ಇಂಥ ಬೇಡಿಕೆಯ ಜೊತೆ ಫ್ರೀಯಾಗಿ ಬರುತ್ತೆ.

ಮೊದಲು ಜಾಗದ ಲೆಕ್ಕ ನೋಡಿ. ನಮ್ಮ ಗಿರಾಕಿಗಳಲ್ಲಿ ತುಂಬಾ ಜನರ ಸ್ಕ್ರೀನ್ ಇನ್ನೂ 1366×768. ಆ 768 ಪಿಕ್ಸೆಲ್ ಎತ್ತರದಲ್ಲಿ ವಿಂಡೋಸ್ 10ರ ಟಾಸ್ಕ್‌ಬಾರ್ 40 ತಿನ್ನುತ್ತದೆ. ಟೈಟಲ್, ಮೆನು, ಮೇಲಿನ ಎರಡು ಪಟ್ಟಿ, ರೂಲರ್, ಕೆಳಗಿನ ಬಣ್ಣಗಳ ಸಾಲು, ಸ್ಟೇಟಸ್ ಬಾರ್ ಎಲ್ಲ ಕಳೆದರೆ ಟೂಲ್‌ಬಾರಿಗೆ ಉಳಿಯುವುದು ಹೆಚ್ಚುಕಡಿಮೆ 500. ಒಂದು ಬಟನ್‌ಗೆ 28 ಪಿಕ್ಸೆಲ್. ನಮ್ಮಲ್ಲಿ ಆಗಲೇ 17 ಬಟನ್ ಇದ್ದವು, ಅಂದರೆ 476. ಗುಂಪುಗಳ ನಡುವಿನ ಗೆರೆಗಳು ಸೇರಿದರೆ ಭರ್ತಿ. ಇನ್ನೊಂದು ಬಂದರೆ ತಳದಲ್ಲಿರುವ ಝೂಮ್ ಬಟನ್ ಒಂದು ಪುಟ್ಟ ಬಾಣದ ಹಿಂದೆ ಮಾಯ. ಬಟನ್‌ಗಳನ್ನೇ ಕುಗ್ಗಿಸೋಣ ಅಂದರೆ ಐಕಾನ್ 16 ಪಿಕ್ಸೆಲ್‌ಗೆ ಇಳಿಯುತ್ತದೆ. ಆ ಅಳತೆಯಲ್ಲಿ ಪೆನ್ನೂ ಪೆನ್ಸಿಲ್ಲೂ ಒಂದೇ ಥರ ಕಾಣುತ್ತವೆ.

ಜಾಗ ಸಿಕ್ಕರೂ ನಡುವೆ ತೂರಿಸುವ ಹಾಗಿಲ್ಲ. ಇದು ಗೊತ್ತಾಗಬೇಕಾದರೆ ಸಪೋರ್ಟ್ ಕರೆಗಳನ್ನು ಕೇಳಿಸಿಕೊಳ್ಳಬೇಕು. ಯಾರೂ ಟೂಲ್‌ನ ಹೆಸರು ಹೇಳುವುದಿಲ್ಲ. "ಅಣ್ಣಾ, ಎಡಗಡೆ ಮೇಲಿಂದ ಎರಡನೇದು ಒತ್ತಿ" ಅಂತಲೇ ಮಾತು. ಅಂಗಡಿಗೆ ಹೊಸ ಹುಡುಗ ಬಂದರೆ ಹಳಬರು ಕಲಿಸುವುದೂ ಹೀಗೇ. ತುಂಬಿದ ಬಸ್ಸಿನ ಮುಂದಿನ ಬಾಗಿಲಲ್ಲಿ ಒಬ್ಬರು ಹತ್ತಿದರೆ ಹಿಂದಿನವರೆಗೂ ಎಲ್ಲರೂ ಸರಿಯಬೇಕಲ್ಲ, ಮೇಲೆ ಒಂದು ಬಟನ್ ಸೇರಿಸಿದರೂ ಅದೇ ಕಥೆ. ಕೆಳಗಿನ ಎಲ್ಲ ಟೂಲ್‌ಗಳ ವಿಳಾಸ ಬದಲಾಗುತ್ತದೆ.

ನಮ್ಮಲ್ಲಿ ಡಿಸೈನ್ ನೋಡಿಕೊಳ್ಳುವ ಮೇಡಂ ಜಾಗದ ಜಗಳಕ್ಕೇ ಬರಲಿಲ್ಲ. ಅವರು ಕೇಳಿದ್ದು ಒಂದೇ: "ಇದು ಟೂಲಾ, ಕಮಾಂಡಾ?" ಟೂಲ್ ಅಂದರೆ ಅದನ್ನು ಹಿಡಿದಮೇಲೆ ಮೌಸ್‌ನ ಕೆಲಸವೇ ಬದಲಾಗಬೇಕು, ಬೇರೆ ಟೂಲ್ ಹಿಡಿಯುವವರೆಗೆ ಹಾಗೇ ಇರಬೇಕು. ಪೆನ್ ಹಿಡಿದರೆ ಪ್ರತಿ ಕ್ಲಿಕ್ಕಿಗೂ ಒಂದು ನೋಡ್, ಅಂದರೆ ಗೆರೆಯನ್ನು ಹಿಡಿದಿಡುವ ಚುಕ್ಕಿ, ಬೀಳುತ್ತದೆ. ಕಮಾಂಡ್ ಅಂದರೆ ಸೆಲೆಕ್ಟ್ ಮಾಡಿದ್ದರ ಮೇಲೆ ಒಂದು ಸಲ ನಡೆದು ಮುಗಿಯುವಂಥದ್ದು. ಎರಡು ಆಕಾರ ಬೆಸೆಯುವುದು, ಗುಂಪು ಮಾಡುವುದು, ಮಧ್ಯಕ್ಕೆ ತರುವುದು, ಇವೆಲ್ಲ ಕಮಾಂಡ್. ಟೂಲ್‌ಬಾರಿನಲ್ಲಿ ಕಮಾಂಡ್ ಇಟ್ಟರೆ ಬರೀ ಜಾಗ ದಂಡವಲ್ಲ. ಒತ್ತಿದಾಗ ಕರ್ಸರ್ ಬದಲಾಗುತ್ತೆ ಅಂತ ಕಾಯುವವರಿಗೆ ತಲೆ ಕೆಡುತ್ತದೆ.

ಹಾಗಾದರೆ ಮೂಲೆ ದುಂಡಗೆ ಮಾಡುವುದು ಯಾವುದು? ಬೇರೆ ಡ್ರಾಯಿಂಗ್ ಸಾಫ್ಟ್‌ವೇರ್‌ನವರು ಏನು ಮಾಡಿದ್ದಾರೆ ಅಂತ ನಾನು ತೆಗೆದು ನೋಡಿದೆ. ಇಲ್ಲಸ್ಟ್ರೇಟರ್‌ನಲ್ಲಿ ಡೈರೆಕ್ಟ್ ಸೆಲೆಕ್ಷನ್ ಟೂಲ್ ಹಿಡಿದರೆ ಮೂಲೆಯ ಒಳಗೆ ಪುಟ್ಟ ವೃತ್ತ ಕಾಣುತ್ತದೆ, ಅದನ್ನು ಎಳೆದರೆ ಆಯಿತು. ಇಂಕ್‌ಸ್ಕೇಪ್‌ನಲ್ಲಿ ಅದು ಒಂದು ಪಾತ್ ಎಫೆಕ್ಟ್, ಅಂದರೆ ಗೆರೆಗೆ ಹಚ್ಚುವ ಪರಿಣಾಮ. ಕೋರೆಲ್‌ಡ್ರಾನಲ್ಲಿ ಡಾಕರ್, ಅಂದರೆ ಪಕ್ಕದಲ್ಲಿ ತೆರೆಯುವ ಫಲಕ. ಅಫಿನಿಟಿ ಡಿಸೈನರ್ ಮಾತ್ರ ಕಾರ್ನರ್ ಟೂಲ್ ಅಂತ ಬೇರೆ ಬಟನ್ನೇ ಕೊಟ್ಟಿದೆ. ಒಂದೇ ಕೆಲಸಕ್ಕೆ ನಾಲ್ಕು ಮನೆಯಲ್ಲಿ ನಾಲ್ಕು ಜಾಗ. ಅಫಿನಿಟಿಯವರದು ತಪ್ಪು ಅನ್ನಲಾರೆ, ಆದರೆ ನಮ್ಮ ಗಿರಾಕಿಗಳ ಕೆಲಸ ಬೇರೆ.

ಐಡಿ ಕಾರ್ಡನ್ನೇ ತೆಗೆದುಕೊಳ್ಳಿ. ಎಟಿಎಂ ಕಾರ್ಡಿನ ಅಳತೆಗೆ ಐಎಸ್‌ಓ 7810 ಅನ್ನುವ ಸ್ಟ್ಯಾಂಡರ್ಡ್ ಇದೆ: 85.60 × 53.98 ಮಿಲಿಮೀಟರ್, ಮೂಲೆಯ ತ್ರಿಜ್ಯ 2.88ರಿಂದ 3.48ರ ಒಳಗೆ. ಇದನ್ನು ಮಾಡುವವರು ಮೌಸ್ ಎಳೆದು ಅಂದಾಜಿಗೆ ನಿಲ್ಲಿಸುವುದಿಲ್ಲ. ಅವರಿಗೆ ಬೇಕಾದದ್ದು ನಂಬರ್ ಹಾಕುವ ಒಂದು ಡಬ್ಬಿ. ನಾಲ್ಕೂ ಮೂಲೆ ಸೆಲೆಕ್ಟ್ ಮಾಡು, 3.2 ಹಾಕು, ಎಂಟರ್ ಒತ್ತು. ಇದರಲ್ಲಿ ಮೌಸ್‌ನ ಕೆಲಸ ಬದಲಾಗುವುದೇ ಇಲ್ಲ, ಅಲ್ವಾ? ಲೋಗೋ ಮಾಡುವ ಕೆಲವರಿಗೆ ಎಳೆಯುವುದೇ ಇಷ್ಟ, ಆದರೆ ಅವರೂ ಎಳೆಯುವ ಮೊದಲು ನೋಡ್‌ಗಳನ್ನು ಹಿಡಿದು ತಿದ್ದುವ ನೋಡ್ ಟೂಲ್‌ನಲ್ಲೇ ಇರುತ್ತಾರೆ.

ಅದಕ್ಕೇ ಹೊಸ ಬಟನ್ ಕೊಡಲಿಲ್ಲ. ನೋಡ್ ಟೂಲ್‌ನೊಳಗೆ ಸೇರಿಸಿದೆವು. ಮೂಲೆಯ ನೋಡ್ ಸೆಲೆಕ್ಟ್ ಮಾಡಿದರೆ ವೃತ್ತ ಕಾಣುತ್ತದೆ, ಮೇಲಿನ ಪಟ್ಟಿಯಲ್ಲಿ ನಂಬರ್ ಡಬ್ಬಿ ಬರುತ್ತದೆ. ಸೆಲೆಕ್ಟ್ ಮಾಡಿದ ನೋಡ್‌ಗಳಿಗೆ ಮಾತ್ರ ವೃತ್ತ, ಇದು ಮುಖ್ಯ. ಸ್ಕ್ಯಾನ್ ಮಾಡಿ ಟ್ರೇಸ್ ಮಾಡಿದ ಚಿತ್ರದಲ್ಲಿ ನೂರಾರು ನೋಡ್ ಇರುತ್ತವೆ. ಎಲ್ಲದಕ್ಕೂ ವೃತ್ತ ತೋರಿಸಿದರೆ ಚಿತ್ರವೇ ಕಾಣಲ್ಲ.

ಈ ದಾರಿಯಲ್ಲೂ ಒಂದು ತೊಂದರೆ ಇದೆ: ಬಟನ್ ಇಲ್ಲದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೆ ಮೆನುವಿನಲ್ಲಿ "ಮೂಲೆ ದುಂಡಗೆ ಮಾಡಿ" ಅಂತ ಒಂದು ಸಾಲು ಹಾಕಿದೆವು. ಅದನ್ನು ಒತ್ತಿದರೆ ತಾನಾಗಿಯೇ ನೋಡ್ ಟೂಲ್‌ಗೆ ಹೋಗಿ, ನಂಬರ್ ಡಬ್ಬಿಯಲ್ಲಿ ಕರ್ಸರ್ ಮಿನುಗುತ್ತಾ ನಿಲ್ಲುತ್ತದೆ. ಒಂದೆರಡು ಸಲ ಹೀಗೆ ಬಂದವರು ಆಮೇಲೆ ಮೆನುವಿಗೆ ಹೋಗುವುದಿಲ್ಲ, ನೋಡ್ ಟೂಲ್‌ಗೆ ನೇರ ಎಫ್10 ಒತ್ತುತ್ತಾರೆ. ಕೋರೆಲ್‌ನಲ್ಲಿ ಇದೇ ಕೆಲಸದ ಶೇಪ್ ಟೂಲ್‌ಗೆ ಅದೇ ಕೀ, ನಾವೂ ಅದನ್ನೇ ಇಟ್ಟುಕೊಂಡಿದ್ದೇವೆ. ಕೋರೆಲ್ ಕೈಗಳಿಗೆ ಹೊಸ ಕೀ ಕಲಿಸೋದು ಸುಮ್ನೆ ಕಷ್ಟ.

ಬಟನ್ ಬೇಡವೇ ಬೇಡ ಅಂತ ನಮ್ಮ ಹಟವೇನೂ ಇಲ್ಲ. ಮುಂದಿನ ಬೇಡಿಕೆ ಒಂದರ ಮೇಲೊಂದು ಬಿದ್ದ ಆಕಾರಗಳ ತುಂಡುಗಳನ್ನು ಮೌಸ್ ಎಳೆದು ಜೋಡಿಸುವ, ಅಳಿಸುವ ಟೂಲ್. ಇಲ್ಲಸ್ಟ್ರೇಟರ್‌ನಲ್ಲಿ 2010ರ ಸಿಎಸ್5 ಆವೃತ್ತಿಯಿಂದ ಇರುವ ಶೇಪ್ ಬಿಲ್ಡರ್ ಥರದ್ದು. ಇಂಕ್‌ಸ್ಕೇಪ್‌ನಲ್ಲಿ ಬೆಸೆಯುವ, ಕಳೆಯುವ ಕಮಾಂಡ್‌ಗಳು ಬಹಳ ಹಿಂದಿನಿಂದಲೂ ಪಾತ್ ಮೆನುವಿನಲ್ಲಿ ಇದ್ದವು. ಆದರೂ 2023ರ 1.3 ಆವೃತ್ತಿಯಲ್ಲಿ ಶೇಪ್ ಬಿಲ್ಡರ್ ಟೂಲ್‌ಬಾರಿಗೇ ಬಂತು, ಅದೂ ಮೇಲಿಂದ ಮೂರನೇ ಜಾಗಕ್ಕೆ. ಸರಿಯೇ. ಅದನ್ನು ಹಿಡಿದರೆ ಮೌಸ್‌ನ ಕೆಲಸ ನಿಜವಾಗಿ ಬದಲಾಗುತ್ತದೆ. ಹತ್ತಾರು ತುಂಡುಗಳ ಮೇಲೆ ಎಳೆಯುತ್ತಾ ಅದೇ ಸ್ಥಿತಿಯಲ್ಲಿ ಇರುತ್ತೀರಿ.

ಈಗ ಜಾಗದ ಜಗಳ ತಪ್ಪಲಿಲ್ಲ. ಬೇಡದ್ದನ್ನು ಪ್ರಿಫರೆನ್ಸಸ್‌ನಲ್ಲಿ ಮರೆ ಮಾಡುವ ಸೌಕರ್ಯ ಕೊಡೋಣ ಅಂತ ಒಬ್ಬರು ಹೇಳಿದರು. ಅದು ನಮ್ಮಂಥವರಿಗೆ ಸರಿ, ಅಂಗಡಿಯಲ್ಲಿ ಕೂತವರು ಆ ಕಡೆ ತಲೆ ಹಾಕುವುದಿಲ್ಲ. ಯಾವುದಾದರೂ ಒಂದು ಹೊರಗೆ ಹೋಗಲೇಬೇಕು. ಸುರುಳಿ ಟೂಲ್ ಮೇಲೆ ಎಲ್ಲರ ಕಣ್ಣು ಬಿತ್ತು. ಅದನ್ನು ಪಕ್ಕದ ನಕ್ಷತ್ರದ ಬಟನ್‌ನ ಒಳಗೆ ಹಾಕಿದೆವು, ಒತ್ತಿ ಹಿಡಿದರೆ ಹೊರಗೆ ಬರುತ್ತದೆ. ಖಾಲಿಯಾದ ಅದೇ ಜಾಗಕ್ಕೆ ಹೊಸ ಟೂಲ್ ಬಂತು. ನ್ಯಾಯವಾಗಿ ಅದು ನೋಡ್ ಟೂಲ್ ಪಕ್ಕ ಇರಬೇಕಿತ್ತು. ಆದರೆ ಹೀಗೆ ಮಾಡಿದ್ದರಿಂದ ಬೇರೆ ಒಂದು ಬಟನ್ನೂ ಜಾಗ ಬಿಟ್ಟು ಕದಲಲಿಲ್ಲ. ಅದು ನನಗೆ ಜಾಸ್ತಿ ಮುಖ್ಯ.

ಸುರುಳಿ ಎಲ್ಲಿ ಹೋಯ್ತು ಅಂತ ಸಪೋರ್ಟ್‌ಗೆ ಒಂದು ಫೋನ್ ಬಂದಿದ್ದು ನನಗೆ ಗೊತ್ತು. ಅವರು ಚಕ್ಕುಲಿ ಪ್ಯಾಕೆಟ್ಟಿನ ಲೇಬಲ್ ಮಾಡುತ್ತಿದ್ದರಂತೆ.