ಬೈಟು ಕಾಫಿಯ ಇನ್ನರ್ಧ

2020ರ ಜೂನ್ 8ರ ಸೋಮವಾರ ಬೆಳಿಗ್ಗೆ ಆರೂವರೆಗೆ ನಾನು ಬಸವನಗುಡಿಯ ನಮ್ಮ ಅಡ್ಡರಸ್ತೆಯ ತಿರುವಿನಲ್ಲಿರುವ ಕಾಫಿ ಹೋಟೆಲಿನ ಮುಂದೆ ನಿಂತಿದ್ದೆ. ಕೊರೊನಾ ಲಾಕ್‌ಡೌನ್‌ನಿಂದ ನಿಂತುಹೋಗಿದ್ದ ಮೇಲೆ, ಹೋಟೆಲುಗಳಲ್ಲಿ ಅಲ್ಲಿಯೇ ನಿಂತು ತಿನ್ನಲು, ಕುಡಿಯಲು ಅಂದಿನಿಂದ ಮತ್ತೆ ಅನುಮತಿ ದೊರೆತಿತ್ತು. ನಡುವೆ ಪಾರ್ಸೆಲ್‌ಗೆ ಅವಕಾಶವಿದ್ದರೂ ಕಾಫಿ ಮಾಡುವವರು ಕುಂದಾಪುರದ ಕಡೆಯ ತಮ್ಮ ಊರಿಗೆ ಹೋಗಿ ಅಲ್ಲೇ ಉಳಿದುಬಿಟ್ಟಿದ್ದರಿಂದ, ಮಾರ್ಚ್ ಕೊನೆಯಲ್ಲಿ ಎಳೆದ ಷಟರನ್ನು ಮಾಲೀಕರು ಎರಡೂವರೆ ತಿಂಗಳು ಮೇಲೆತ್ತಿರಲಿಲ್ಲ.

ಇದು ಹೆಸರುವಾಸಿಯಾದ ಜಾಗವಲ್ಲ. ಗಾಂಧಿ ಬಜಾರಿಗೆ ಬಂದವರು 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ದೋಸೆಗಾಗಿ ಸರದಿಯಲ್ಲಿ ಕಾಯುತ್ತಾರೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನ ಇಡ್ಲಿ ಚಟ್ನಿಗಾಗಿ ಊರಿನ ಇನ್ನೊಂದು ತುದಿಯಿಂದ ಬರುತ್ತಾರೆ. ನಮ್ಮ ಹೋಟೆಲಿಗೆ ಬರುವವರು ಸುತ್ತಲಿನ ನಾಲ್ಕು ರಸ್ತೆಯವರು ಮಾತ್ರ. ಕುರ್ಚಿಗಳಿಲ್ಲ, ಎದೆಯೆತ್ತರದ ಮೂರು ಕಲ್ಲಿನ ಮೇಜುಗಳಿವೆ. ಕುರ್ಚಿ ಇಲ್ಲದಿರುವುದೇ ಆ ಜಾಗದ ಗುಣವೆಂದು ನಾನು ನಂಬಿದ್ದೇನೆ. ಕುಳಿತ ಮೇಜು ಕುಳಿತವರದಾಗಿಬಿಡುತ್ತದೆ. ನಿಂತಿರುವ ಗುಂಪಿನೊಳಕ್ಕೆ ಯಾರು ಬೇಕಾದರೂ ಲೋಟ ಹಿಡಿದು ಒಂದು ಹೆಜ್ಜೆ ಮುಂದಿಟ್ಟು ಸೇರಿಕೊಳ್ಳಬಹುದು. ಒಂದೇ ಪತ್ರಿಕೆ ಹಾಳೆಹಾಳೆಯಾಗಿ ಐದಾರು ಕೈಗಳಲ್ಲಿ ಹಂಚಿಹೋಗಿರುತ್ತಿತ್ತು. ಖಾಲಿಯಾದ ಬಾಡಿಗೆ ಮನೆ, ತುರ್ತಾಗಿ ಬೇಕಾದ ರಕ್ತ, ಯಾರದೋ ಮಗಳ ಸಿಇಟಿ ರ‍್ಯಾಂಕ್, ಎಲ್ಲವೂ ಮೊದಲು ಅಲ್ಲಿಯೇ ತಿಳಿಯುತ್ತಿದ್ದವು. ನಾನು ಈಗ ವಾಸವಿರುವ ಮನೆ ಸಿಕ್ಕಿದ್ದೂ ಅಲ್ಲಿಯೇ, ಪೂರ್ತಿ ಅಪರಿಚಿತರೊಬ್ಬರು ಆಡಿದ ಒಂದು ಮಾತಿನಿಂದ.

ಅಲ್ಲಿ ನನಗೆ ಹನ್ನೊಂದು ವರ್ಷಗಳಿಂದ ಬೈಟುವಿನ ಜೊತೆಗಾರರೊಬ್ಬರಿದ್ದರು. ಒಂದು ಕಾಫಿಗೆ ದುಡ್ಡು ಕೊಟ್ಟು ಎರಡು ಲೋಟಕ್ಕೆ ಹಾಕಿಸಿಕೊಳ್ಳುವ ಈ ಪದ್ಧತಿಯನ್ನು ಹೊರಗಿನವರು ಕೇವಲ ಮಿತವ್ಯಯವೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಬೈಟು ಹೇಳಬೇಕಾದರೆ ಇನ್ನೊಬ್ಬರು ಬೇಕೇ ಬೇಕು, ಅವರು ಬರುವವರೆಗೆ ಕಾಯಬೇಕು. ಕಾದದ್ದಕ್ಕೆ ಪ್ರತಿಯಾಗಿ ಎರಡನೆಯ ಸುತ್ತು ಕುಡಿಯುವ ಸ್ವಾತಂತ್ರ್ಯವೂ ಇರುತ್ತದೆ. ನನ್ನ ಜೊತೆಗಾರರು ನಿವೃತ್ತ ಗಣಿತದ ಮೇಷ್ಟ್ರು. ಮೊದಲ ಡಿಕಾಕ್ಷನ್ ಮುಗಿದು ಅದೇ ಪುಡಿಯ ಮೇಲೆ ಮತ್ತೆ ಬಿಸಿನೀರು ಸುರಿದಿದ್ದರೆ ಒಂದೇ ಗುಟುಕಿನಲ್ಲಿ ಕಂಡುಹಿಡಿಯುತ್ತಿದ್ದರು. ಚಿಕೋರಿಯ ಪಾಲು ನೂರಕ್ಕೆ ಇಪ್ಪತ್ತನ್ನು ದಾಟಬಾರದೆಂಬುದು ಅವರ ಖಚಿತ ನಿಲುವು. ಅದು ಬಣ್ಣವನ್ನೂ ಸಾಂದ್ರತೆಯನ್ನೂ ಕೊಟ್ಟು ಪರಿಮಳವನ್ನು ಕದಿಯುತ್ತದೆ ಎನ್ನುತ್ತಿದ್ದರು.

ಆ ಬೆಳಿಗ್ಗೆ ನೆಲದ ಮೇಲೆ ಸುಣ್ಣದಲ್ಲಿ ವೃತ್ತಗಳನ್ನು ಬರೆದಿದ್ದರು, ಸ್ಟೀಲ್ ಲೋಟಗಳ ಜಾಗದಲ್ಲಿ ಕಾಗದದ ಕಪ್ಪುಗಳಿದ್ದವು, ಪತ್ರಿಕೆ ಇರಲಿಲ್ಲ. ಮುಖಗವಸಿನ ಮೇಲಿನ ಕಣ್ಣುಗಳನ್ನು ನೋಡಿಯೇ ಒಬ್ಬರನ್ನೊಬ್ಬರು ಗುರುತಿಸಿ, ದೂರದಿಂದಲೇ ಕೈ ಎತ್ತುತ್ತಿದ್ದೆವು. ಏಳೂವರೆಯಾದರೂ ಮೇಷ್ಟ್ರು ಬರಲಿಲ್ಲ. ಅವರಿಗೆ ಎಪ್ಪತ್ತು ದಾಟಿತ್ತು, ಅರವತ್ತೈದು ಮೀರಿದವರು ಮನೆಯಲ್ಲಿಯೇ ಇರಬೇಕೆಂದು ಸರ್ಕಾರ ಸೂಚಿಸಿತ್ತು. ಫೋನ್ ಮಾಡೋಣವೆಂದು ಮೊಬೈಲ್ ತೆಗೆದಾಗ ನನ್ನ ಬಳಿ ಅವರ ನಂಬರ್ ಇಲ್ಲವೆಂಬುದು ಅರಿವಾಯಿತು. ಮನೆ ಯಾವುದೆಂದೂ ತಿಳಿದಿರಲಿಲ್ಲ. ಹನ್ನೊಂದು ವರ್ಷ ಒಂದೇ ಕಾಫಿಯನ್ನು ಹಂಚಿಕೊಂಡವರ ಹೆಸರನ್ನು ಕೂಡ ನಾನು ಕೇಳಿರಲಿಲ್ಲ. ಬೆಳಗಾದರೆ ಅವರು ಅಲ್ಲಿ ಇರುತ್ತಾರೆಂಬ ಭರವಸೆಯೇ ಅಷ್ಟು ಗಟ್ಟಿಯಾಗಿತ್ತು.

ಗಲ್ಲಾದಲ್ಲಿದ್ದ ಮಾಲೀಕರನ್ನು ಕೇಳಿದೆ. ಅವರಿಗೂ ಹೆಸರು ತಿಳಿಯದು, ಆದರೆ ಮನೆ ತಿಳಿದಿತ್ತು. ಮೇಷ್ಟ್ರ ಹೆಂಡತಿಗೆ ಹುಷಾರಿಲ್ಲದಿದ್ದಾಗ ಒಂದು ತಿಂಗಳು ಇಡ್ಲಿ ಕಳಿಸಿದ್ದರಂತೆ. ಹಸಿರು ಗೇಟು, ಒಳಗೆ ಸಂಪಿಗೆ ಮರ. ಅವರು ತಮ್ಮದೇ ಫ್ಲಾಸ್ಕನ್ನು ಬಿಸಿನೀರಿನಲ್ಲಿ ತೊಳೆಸಿ, ಕಾಫಿ ತುಂಬಿಸಿ, ಎರಡು ಖಾಲಿ ಕಪ್ಪುಗಳೊಂದಿಗೆ ನನ್ನ ಕೈಗಿಟ್ಟರು. ಎಷ್ಟೆಂದು ಕೇಳಿದ್ದಕ್ಕೆ, "ಬೈಟು ಅಲ್ವಾ, ಒಂದರದು ಕೊಡಿ" ಎಂದರು.

ಗೇಟಿನ ಬಳಿ ನಿಂತು ಎರಡು ಸಲ ಕೂಗಿದ ಮೇಲೆ ಮೇಷ್ಟ್ರು ಹೊರಬಂದರು. ಗಡ್ಡ ಬೆಳೆದಿತ್ತು, ಸ್ವಲ್ಪ ಇಳಿದುಹೋಗಿದ್ದರು. ನನ್ನನ್ನು ಗುರುತಿಸಲು ಒಂದು ಕ್ಷಣ ಬೇಕಾಯಿತು. ಗುರುತಿಸಿದ ಕೂಡಲೇ ಏನೂ ಹೇಳದೆ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ನಾನು ಕಪ್ಪೊಂದನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು ಕಾಫಿ ಸುರಿದು ಹಿಂದೆ ಸರಿದೆ, ಅವರು ಮುಂದೆ ಬಂದು ಎತ್ತಿಕೊಂಡರು. ಮುಖಗವಸನ್ನು ಗಲ್ಲಕ್ಕಿಳಿಸಿ, ಮೊದಲ ಗುಟುಕನ್ನು ಎಂದಿನಂತೆ ಬಾಯಲ್ಲಿ ಒಂದಿಷ್ಟು ಹೊತ್ತು ಹಿಡಿದಿಟ್ಟುಕೊಂಡರು.

"ಭಟ್ಟರು ಇನ್ನೂ ಊರಿಂದ ಬಂದಿಲ್ಲ, ಅಲ್ಲವೇ?" ಎಂದರು.

ಬಂದಿಲ್ಲ, ಮಾಲೀಕರ ತಮ್ಮನೇ ಮಾಡುತ್ತಿದ್ದಾನೆ ಎಂದೆ. ಅವರು ತಲೆಯಾಡಿಸಿ ಕಪ್ಪನ್ನು ಪೂರ್ತಿ ಖಾಲಿ ಮಾಡಿದರು. ಬಳಿಕ ಒಳಗೆ ಹೋಗಿ ತಮ್ಮ ಪಾಲಿನ ಚಿಲ್ಲರೆ ತಂದು ಗೋಡೆಯ ಮೇಲಿಟ್ಟು, ನಾಳೆ ಆರೂವರೆಗೆ ಗೇಟಿನ ಬಳಿಯೇ ನಿಂತಿರುತ್ತೇನೆ, ಕೂಗುವ ಅಗತ್ಯವಿಲ್ಲ ಎಂದರು.