ಚಳಿಗಾಲದ ಮಳೆಯಲ್ಲಿ ಸೈಕಲ್ಲಿಗೆ ಯಾವ ಪ್ಯಾಂಟು?

ಅಕ್ಟೋಬರ್ ಕೊನೆಗೆ ಇಲ್ಲಿ ಇಂಗ್ಲೆಂಡಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅದಾಗಿ ಒಂದು ವಾರದೊಳಗೆ ನನ್ನ ಫೋನಿಗೆ ಈ ಪ್ರಶ್ನೆ ಬಂದೇ ಬರುತ್ತದೆ. "ಅಣ್ಣಾ, ಮೌಂಟನ್ ಬೈಕಿಂಗ್‌ಗೆ ವಾಟರ್‌ಪ್ರೂಫ್ ಪ್ಯಾಂಟ್ ನೋಡ್ತಾ ಇದ್ದೀನಿ. 150 ಪೌಂಡ್ ಅಂತೆ. ಅಷ್ಟು ಕೊಡೋದು ದಂಡ ಅಲ್ವಾ?"

ಕೇಳುವವರು ಹೆಚ್ಚಾಗಿ ಓದೋಕೋ ಕೆಲಸಕ್ಕೋ ಶೆಫೀಲ್ಡಿಗೆ ಬಂದ ನಮ್ಮ ಕಡೆಯ ಹುಡುಗರು. ಬೇಸಿಗೆಯಲ್ಲಿ ಸೆಕೆಂಡ್ ಹ್ಯಾಂಡ್ ಸೈಕಲ್ ತಗೊಂಡು, ಬೆಟ್ಟದ ರುಚಿ ಹತ್ತಿಸಿಕೊಂಡವರು. ಈ ಊರಿನ ಸುಮಾರು ಮೂರನೇ ಒಂದು ಪಾಲು ಪೀಕ್ ಡಿಸ್ಟ್ರಿಕ್ಟ್ ನ್ಯಾಷನಲ್ ಪಾರ್ಕಿನ ಒಳಗೇ ಇದೆ. ಮನೆಯಿಂದ ಹೊರಟು ಒಂದು ಏರು ಹತ್ತಿದರೆ ಬೆಟ್ಟ ಸಿಕ್ಕಿತು. ಚಳಿಗಾಲ ಬಂತು ಅಂತ ಬಿಟ್ಟುಬಿಡೋಕೆ ಯಾರಿಗೂ ಮನಸ್ಸು ಬರಲ್ಲ.

ದಂಡ ಅಲ್ಲ ಅಂತಲೇ ನನ್ನ ಉತ್ತರ. ಆದರೆ ಮೈ ಒದ್ದೆಯಾಗಬಾರದು ಅಂತ ಕೊಂಡರೆ ಮಾತ್ರ ದುಡ್ಡು ನೀರಿಗೆ ಹಾಕಿದ ಹಾಗೆ. ಈ ಪ್ಯಾಂಟು ಇರುವುದು ಒಣಗಿರೋದಕ್ಕಲ್ಲ, ಬೆಚ್ಚಗಿರೋದಕ್ಕೆ.

ಇದು ನನಗೆ ತಡವಾಗಿ ಹೊಳೆಯಿತು. ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಶೆಫೀಲ್ಡಿನಲ್ಲಿ ಸುಮಾರು 800. ಇದನ್ನೂ ಮಳೆ ಅಂತಾರಾ ಅಂತ ಮೊದಲ ವರ್ಷ ನಕ್ಕಿದ್ದೆ. ಆದರೆ ನಮ್ಮೂರ ಮಳೆ ಬರುವುದು 22 ಡಿಗ್ರಿಯಲ್ಲಿ. ನೆಂದರೆ ಬಚ್ಚಲೊಲೆ ಮುಂದೆ ಕೂತು ಮೈ ಕಾಯಿಸಿಕೊಂಡರೆ ಮುಗಿಯಿತು. ಇಲ್ಲಿಯ ಜಿಟಿಜಿಟಿ ಬರುವುದು 3 ಡಿಗ್ರಿಯಲ್ಲಿ, ಗಾಳಿಯ ಜೊತೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಐದು ನಿಮಿಷ ಬಂದರೆ ತೊಡೆ ಮರಗಟ್ಟುತ್ತದೆ. ಆಮೇಲೆ ಬೆರಳು ಬ್ರೇಕ್ ಹಿಡಿಯೋದಿಲ್ಲ.

ಮೊದಲ ಚಳಿಗಾಲಕ್ಕೆ ನಾನು ಕೊಂಡದ್ದು 15 ಪೌಂಡಿನ, ನಡೆಯುವವರು ಮೇಲಿಂದ ಹಾಕಿಕೊಳ್ಳುವ ಪ್ಲಾಸ್ಟಿಕ್ಕಿನಂಥ ಪ್ಯಾಂಟು. ಒಳಗೆ ಜೀನ್ಸ್. ಹೌಂಡ್‌ಕರ್ಕ್ ರಸ್ತೆ ಅಂತ ಒಂದು ಹಳೇ ಕಲ್ಲು ದಾರಿ ಇದೆ, ಮೂರ್‌ಲ್ಯಾಂಡ್ ಅನ್ನುವ, ಮರವಿಲ್ಲದ ಜವುಗು ಬಯಲಿನ ನಡುವೆ ಹೋಗುತ್ತದೆ. ನವೆಂಬರಿನಲ್ಲಿ ಅದರ ತುಂಬ ಗುಂಡಿ, ಗುಂಡಿ ತುಂಬ ನೀರು. ಅಂಥದೊಂದು ಗುಂಡಿಯ ಮಧ್ಯೆ ನನ್ನ ಬಲಗಾಲಿನ ಪ್ಯಾಂಟಿನ ತುದಿ ಚೈನಿಗೆ ಸಿಕ್ಕಿಕೊಂಡಿತು. ಪೆಡಲ್ ಮುಂದೂ ಹೋಗದು, ಹಿಂದೂ ಬಾರದು. ಕಾಲು ಕೆಳಗಿಡೋಕೂ ಬಿಡದು. ನಿಧಾನಕ್ಕೆ, ಮರ್ಯಾದೆಯಿಂದ, ಸೈಕಲ್ ಸಮೇತ ಪಕ್ಕಕ್ಕೆ ಮಗುಚಿದೆ. ನೀರಲ್ಲಿ ಕೂತೇ ಆ ಬಟ್ಟೆಯನ್ನು ಕೈಯಲ್ಲಿ ಹರಿದು ಬಿಡಿಸಿಕೊಂಡೆ. ನಾಯಿ ಹಿಡಿದುಕೊಂಡು ಬಂದ ಒಬ್ಬ ಅಜ್ಜ "ಗುಡ್ ಮಾರ್ನಿಂಗ್" ಅಂತ ಹೇಳಿ ಹಾಗೇ ಹೋದರು. ಇಂಗ್ಲಿಷರ ಈ ಸೌಜನ್ಯಕ್ಕೆ ಏನು ಹೇಳೋದು!

ಮನೆಗೆ ಬಂದು ಬಿಚ್ಚಿದಾಗ ನೋಡಿದೆ. ಎಡಗಾಲು ನೀರಿಗೆ ಬಿದ್ದೇ ಇರಲಿಲ್ಲ. ಆದರೂ ಆ ಕಡೆಯ ಜೀನ್ಸ್ ಹಿಂಡಿದರೆ ನೀರು ಸುರಿಯುವ ಹಾಗಿತ್ತು. ಅದು ಪೂರ್ತಿ ಬೆವರು.

ಹಾಗಾಗಿ ಒದ್ದೆ ಎಲ್ಲಿಂದ ಬರುತ್ತದೆ ಅನ್ನೋದನ್ನು ಮೊದಲು ನೋಡಬೇಕು. ಮೇಲಿಂದ ಬೀಳುವ ಮಳೆ ನಿಜವಾಗಿ ಸಣ್ಣ ಪಾಲು. ಹಿಂದಿನ ಚಕ್ರ ಕೆಸರುನೀರನ್ನು ನೇರ ಕುಂಡೆಗೆ ಎರಚುತ್ತದೆ. ಮುಂದಿನ ಚಕ್ರ ಮೊಣಕಾಲಿಗೆ, ಕಣಕಾಲಿಗೆ ಎರಚುತ್ತದೆ. ಮಳೆ ನಿಂತು ಎರಡು ದಿನವಾದರೂ ಇದು ತಪ್ಪಿದ್ದಲ್ಲ. ಅದಕ್ಕೇ ನಾನು ಯಾರೇ ಕೇಳಿದರೂ ಮೊದಲು ಹೇಳುವುದು ಮಡ್‌ಗಾರ್ಡ್. ಮಡ್‌ಹಗರ್ ಕಂಪನಿಯದರ ಥರದ ಉದ್ದನೆಯದು, ಹಿಂದಿನ ಚಕ್ರಕ್ಕೆ. ನೋಡೋಕೆ ಚಂದ ಇಲ್ಲ ಅಂತ ಹುಡುಗರು ಮೂಗು ಮುರಿಯುತ್ತಾರೆ. ಇರಲಿ. ಅರ್ಧ ಪ್ಯಾಂಟಿನ ಕೆಲಸ ಅದೇ ಮಾಡುತ್ತದೆ.

ನಮ್ಮ ಮಲೆನಾಡಿನ ಗೊರಬು ನೆನಪಿದೆಯಾ? ಬಿದಿರಿನ ಸೀಳಿಗೆ ಎಲೆ ಹೊದಿಸಿ ಕಟ್ಟಿದ್ದು. ತಲೆ ಮತ್ತು ಬೆನ್ನು ಪೂರ್ತಿ ಮುಚ್ಚುತ್ತದೆ, ಎದೆ ಕಡೆ ಖಾಲಿ. ಯಾಕೆಂದರೆ ನಾಟಿ ಮಾಡುವವರು ಬಗ್ಗಿರುತ್ತಾರೆ. ಮಳೆ ಬೀಳುವುದು ಬೆನ್ನಿಗೆ, ಗಾಳಿ ಆಡಬೇಕಾದ್ದು ಎದೆಗೆ. ಕೆಲಸ ನೋಡಿ ಮಾಡಿದ ಸಾಮಾನು ಅಂದರೆ ಅದು. ಸೈಕಲ್ ಪ್ಯಾಂಟನ್ನೂ ಅದೇ ಕಣ್ಣಲ್ಲಿ ನೋಡಿ. ನೀವು ಅದನ್ನು ಹಾಕಿಕೊಂಡು ಅಂಗಡಿಯ ಕನ್ನಡಿ ಮುಂದೆ ನಿಲ್ಲೋದಲ್ಲ, ಬಗ್ಗಿ ಕೂತು ತುಳಿಯುತ್ತೀರಿ. ಸೊಂಟದ ಹಿಂಭಾಗ ಎತ್ತರಕ್ಕೆ ಬಂದಿರಬೇಕು. ಮೊಣಕಾಲು ಮಡಚಿದ ಆಕಾರಕ್ಕೇ ಹೊಲಿದಿರಬೇಕು, ಒಳಗೆ ಮೊಣಕಾಲಿಗೆ ಪೆಟ್ಟಾಗದ ಹಾಗೆ ಕಟ್ಟುವ ನೀ ಪ್ಯಾಡ್ ಹಿಡಿಸಬೇಕು. ಕಣಕಾಲಿನ ಹತ್ತಿರ ಬಿಗಿಯಾಗಿರಬೇಕು. ಇಲ್ಲದಿದ್ದರೆ ಹೌಂಡ್‌ಕರ್ಕ್ ಗುಂಡಿಯಲ್ಲಿ ನಿಮಗೂ ಒಂದು ಜಾಗ ಇದೆ. ಕಾಲಿನ ಕೆಳಗೆ ಜಿಪ್ ಇದ್ದರೆ ಶೂ ಬಿಚ್ಚದೆ ತೆಗೆಯಬಹುದು. ಕೆಸರಲ್ಲಿ ಒಂಟಿ ಕಾಲಲ್ಲಿ ನಿಂತವರಿಗೆ ಅದರ ಬೆಲೆ ಗೊತ್ತು.

ಈಗ ಲೇಬಲ್ಲಿನ ಮೇಲಿನ ನಂಬರು. 10,000 ಅಥವಾ 20,000 ಮಿಲಿಮೀಟರ್ ಅಂತ ಬರೆದಿರುತ್ತದೆ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಸೋರಲ್ಲ ಅಂತ ಅರ್ಥ. 10,000 ಅಂದರೆ ಹತ್ತು ಮೀಟರ್, ಆಗುಂಬೆಯ ಇಡೀ ವರ್ಷದ ಮಳೆಗಿಂತ ಎತ್ತರ. ಸಾಕಲ್ವಾ ಅಂತ ಅನಿಸುತ್ತದೆ. ಆದರೆ ಹತ್ತು ಮೀಟರ್ ನೀರಿನ ಒತ್ತಡ ಅಂದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋ, ಅಷ್ಟೇ. ನೀವು ಸೀಟಿನ ಮೇಲೆ ಕೂತಾಗ ಭಾರ ಬೀಳುವುದು ಕೆಳಗಿನ ಎರಡು ಮೂಳೆಯ ಮೇಲೆ. ಆ ಭಾರ 40 ಕಿಲೋ, ಜಾಗ 40 ಚದರ ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಅಲ್ಲಿಗೆ ಲೆಕ್ಕ ಚುಕ್ತಾ. ಜೊತೆಗೆ ಅಲ್ಲಿ ಸೀಟಿನ ಉಜ್ಜಾಟ, ಮಧ್ಯೆ ಪೀಕ್ ಡಿಸ್ಟ್ರಿಕ್ಟಿನ ಮರಳುಗಲ್ಲಿನ ಪುಡಿ. ಅದು ಬ್ರೇಕ್ ಪ್ಯಾಡನ್ನೇ ತಿಂದು ಹಾಕುತ್ತದೆ, ಬಟ್ಟೆ ಯಾವ ಲೆಕ್ಕ? ಹಾಗಾಗಿ ಸೀಟಿನ ಜಾಗದಲ್ಲಿ ಬಟ್ಟೆ ದಪ್ಪಗಿರಬೇಕು, ಮೂರು ಪದರದ್ದಾಗಿರಬೇಕು. ಆದಷ್ಟೂ ಅಲ್ಲಿ ಹೊಲಿಗೆ ಬರಬಾರದು. ಬಂದರೆ ಒಳಗಿನಿಂದ ಟೇಪ್ ಹಾಕಿರಬೇಕು. ನಾನು ಅಂಗಡಿಯಲ್ಲಿ ಮೊದಲು ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿ ಈ ಜಾಗ ನೋಡುತ್ತೇನೆ. ಬಣ್ಣ ಆಮೇಲೆ.

ಇನ್ನೊಂದು ನಂಬರು ಆವಿ ಹೊರಗೆ ಹೋಗುವುದರದ್ದು. ಇಂಥ ಎಷ್ಟೋ ಬಟ್ಟೆಯ ನಡುವಿನ ಪೊರೆಯಲ್ಲಿ ನೀರಿನ ಹನಿ ನುಗ್ಗಲಾರದ, ಆವಿ ಮಾತ್ರ ತೂರುವ ಸಣ್ಣ ಸಣ್ಣ ತೂತು ಇರುತ್ತವೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬವರು ಬಿಸಿ ಮಾಡಿದ ಟೆಫ್ಲಾನ್ ಕಡ್ಡಿಯನ್ನು ಜೋರಾಗಿ ಜಗ್ಗಿ ನೋಡಿದರು. ಅದು ತುಂಡಾಗದೆ ಉದ್ದಕ್ಕೆ ಹಿಗ್ಗಿ, ಒಳಗೆಲ್ಲ ತೂತಾಯಿತು. ಇಂಥ ಪೊರೆಗಳಲ್ಲಿ ಹೆಸರಾದ ಗೋರ್‌ಟೆಕ್ಸ್ ಹುಟ್ಟಿದ್ದು ಹಾಗೆ. ಚೆನ್ನಾಗೇ ಇದೆ. ಆದರೆ 10,000 ಗ್ರಾಂ ಅಂತ ಬರೆದಿದ್ದರೆ ಅದು ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಹೋಗುವ ಆವಿ. ಅಂದರೆ ಗಂಟೆಗೆ ಸುಮಾರು 400 ಗ್ರಾಂ, ಅದೂ ಲ್ಯಾಬಿನಲ್ಲಿ. ಏರು ಹತ್ತುವಾಗ ಮನುಷ್ಯ ಗಂಟೆಗೆ ಒಂದು ಲೀಟರ್ ಬೆವರಬಲ್ಲ. ಎಷ್ಟೇ ದುಡ್ಡು ಕೊಟ್ಟರೂ ಗಣಿತ ನಿಮ್ಮ ಕಡೆಗಿಲ್ಲ. ತೊಡೆಯ ಪಕ್ಕ ಜಿಪ್ ಇರುವುದು ತಗೊಂಡು, ಏರಿನಲ್ಲಿ ತೆರೆದು, ಇಳಿಜಾರಿನಲ್ಲಿ ಮುಚ್ಚೋದು ಉತ್ತಮ.

ಒಳಗೆ ಸ್ವಲ್ಪ ಒದ್ದೆ ಆಗಿಯೇ ಆಗುತ್ತದೆ. ಆಗಲಿ. ಆ ಒದ್ದೆ ಮೈಯ ಶಾಖಕ್ಕೆ ಬೆಚ್ಚಗಾಗಿರುತ್ತದೆ, ಹೊರಗಿನ ಗಾಳಿ ಮತ್ತು ಐಸಿನಂಥ ಕೆಸರುನೀರು ಒಳಗೆ ಬರೋದಿಲ್ಲ. ನಮ್ಮಜ್ಜ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದರಲ್ಲ, ಅದೇನು ನೀರು ತಡೆಯುತ್ತಿತ್ತಾ? ನೆಂದು ಮಣ ಭಾರ ಆಗುತ್ತಿತ್ತು. ಆದರೂ ಬೆಚ್ಚಗಿತ್ತು. ಹಾಗಾಗಿ ಒಳಗೆ ಜೀನ್ಸ್ ಬೇಡ, ಹತ್ತಿ ಬೇಡ. ಪ್ಯಾಡ್ ಇರುವ ತೆಳ್ಳನೆಯ ಚಡ್ಡಿ, ಕಾಲಿಗೆ ಉಣ್ಣೆಯ ಸಾಕ್ಸ್, ತೀರಾ ಚಳಿ ಇದ್ದರೆ ಟೈಟ್ಸ್. ಮುಗಿಯಿತು.

ಕೊಂಡ ಒಂದು ವರ್ಷಕ್ಕೆ ಬರುವ ದೂರು ಬೇರೆ: "ಪ್ಯಾಂಟು ಸೋರ್ತಿದೆ." ಹತ್ತರಲ್ಲಿ ಎಂಟು ಸಲ ಅದು ಸೋರುತ್ತಿರುವುದಿಲ್ಲ. ಹೊಸ ಪ್ಯಾಂಟಿನ ಮೇಲೆ ನೀರು ಹಾಕಿ ನೋಡಿ, ಕೆಸುವಿನ ಎಲೆ ಮೇಲೆ ಉರುಳಿದ ಹಾಗೆ ಮುತ್ತಾಗಿ ಜಾರಿಹೋಗುತ್ತದೆ. ಹೊರಪದರಕ್ಕೆ ಹಚ್ಚಿದ ಲೇಪ ಮಾಡುವ ಕೆಲಸ ಅದು. ಕೆಸರು, ಚೈನ್ ಎಣ್ಣೆ ಹತ್ತಿ ಆ ಲೇಪ ಸತ್ತರೆ ಹೊರಬಟ್ಟೆ ನೀರು ಕುಡಿದು ಕಪ್ಪಾಗುತ್ತದೆ. ಒಳಗಿನ ಪೊರೆ ಗಟ್ಟಿ ಇದ್ದರೂ ಆವಿಗೆ ದಾರಿ ಇಲ್ಲ, ಬೆವರು ಒಳಗೇ ನಿಲ್ಲುತ್ತದೆ. ನೀವು ಸೋರಿಕೆ ಅಂದುಕೊಳ್ಳುತ್ತೀರಿ.

ಔಷಧಿ ಸುಲಭ. ಮೊದಲು ಕೆಸರನ್ನು ತಣ್ಣೀರಲ್ಲಿ ಬಿಡಿಸಿ. ಮಾಮೂಲಿ ಬಟ್ಟೆ ಪೌಡರ್ ಬೇಡ, ಅದರ ಅಂಟು ನೀರನ್ನೇ ಎಳೆಯುತ್ತದೆ. ಮೆತ್ತಗಾಗಲಿ ಅಂತ ಹಾಕುವ ಕಂಡಿಷನರ್ ಅಂತೂ ಬೇಡವೇ ಬೇಡ. ನಿಕ್‌ವ್ಯಾಕ್ಸ್, ಗ್ರೇಂಜರ್ಸ್ ಥರದವರು ಇದಕ್ಕೇ ಅಂತ ಮಾಡಿದ ಸೋಪು ಸಿಗುತ್ತದೆ. ಲೇಬಲ್ ಒಪ್ಪಿದರೆ ಡ್ರೈಯರಿನಲ್ಲಿ ಸಣ್ಣ ಬಿಸಿ ಕೊಡಿ, ಲೇಪ ಎಷ್ಟೋ ಸಲ ಮತ್ತೆ ಏಳುತ್ತದೆ. ಆಗಲೂ ಹನಿ ಉರುಳದಿದ್ದರೆ ಹೊಸದಾಗಿ ಲೇಪ ಹಚ್ಚಬೇಕು. ಮೊದಲು ಈ ಲೇಪಕ್ಕೆ ಪಿಎಫ್‌ಎಎಸ್ ಎಂಬ ರಾಸಾಯನಿಕ ಹಾಕುತ್ತಿದ್ದರು. ಮಣ್ಣಲ್ಲಿ ನೀರಲ್ಲಿ ಕೊಳೆತು ಹೋಗದೆ ಹಾಗೇ ಉಳಿಯುವ ಪೀಡೆ ಅದು. ಕೆಲವು ವಿನಾಯಿತಿ ಬಿಟ್ಟರೆ ಫ್ರಾನ್ಸಿನಲ್ಲಿ 2026ರ ಜನವರಿಯಿಂದ ಬಟ್ಟೆಗೆ ಅದು ನಿಷೇಧ. ಹೊಸ ಲೇಪ ನೀರನ್ನೇನೋ ತಡೆಯುತ್ತದೆ, ಎಣ್ಣೆಯನ್ನು ತಡೆಯೋದು ಕಡಿಮೆ. ಹಾಗಾಗಿ ಈಗಿನ ಪ್ಯಾಂಟನ್ನು ಮೊದಲಿಗಿಂತ ಜಾಸ್ತಿ ಸಲ ಒಗೆಯಬೇಕು. ನನಗೆ ಇದರಲ್ಲಿ ತಕರಾರಿಲ್ಲ. ನಾವು ಕೆಸರೆಬ್ಬಿಸೋಕೆ ಹೋಗುವ ಬೆಟ್ಟದ ನೀರೇ ಕೆಳಗೆ ಲೇಡಿಬೋವರ್ ಕೆರೆಗೆ ಬಂದು ನಲ್ಲಿಗೆ ಹೋಗೋದು.

ಬ್ರ್ಯಾಂಡ್ ಹೇಳಿ ಅಂತ ಪಟ್ಟು ಹಿಡಿಯುವವರಿಗೆ: ನನ್ನದು ಸ್ಕಾಟ್‌ಲೆಂಡಿನ ಎಂಡ್ಯುರಾ. ಅಲ್ಲಿಯವರಿಗೆ ಮಳೆ ಗೊತ್ತು. ಹಾಗಂತ ಅದೇ ಬೇಕು ಅಂತಿಲ್ಲ. ನನ್ನ ಜೊತೆ ಬರುವ ಇಲ್ಲಿಯವರು ಎಷ್ಟೋ ಜನ ಉದ್ದ ಪ್ಯಾಂಟೇ ಹಾಕಲ್ಲ. ವಾಟರ್‌ಪ್ರೂಫ್ ಚಡ್ಡಿ, ನೀ ಪ್ಯಾಡ್, ನೀರು ಹೋಗದ ಸಾಕ್ಸ್, ಅಷ್ಟೇ. ಎರಡು ಗಂಟೆಯ ಸವಾರಿಗೆ ಅದೂ ಸಾಕು. ದುಡ್ಡು ಕಡಿಮೆ ಇರುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಇಲ್ಲವಾದರೆ ಏಪ್ರಿಲ್‌ವರೆಗೆ ಕಾಯಿರಿ. ಆಗ ಯಾರಿಗೂ ಇದು ಬೇಡ, ಬೆಲೆ ಇಳಿದಿರುತ್ತದೆ.

ನಮ್ಮಮ್ಮನ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರ ಇಲ್ಲ. "ಎಂತಕ್ಕೆ ಮಾರಾಯ, ಆ ಮಳೇಲಿ ಸೈಕಲ್ಲು? ಮನೇಲಿ ಕೂತ್ರೆ ಆಗ್ದಾ?"

ಕಳೆದ ಶನಿವಾರ ದಾವಣಗೆರೆಯ ಹುಡುಗನೊಬ್ಬ ಹೊಸ ಪ್ಯಾಂಟು ಹಾಕಿಕೊಂಡು ಬಂದಿದ್ದ. ಲೇಡಿ ಕ್ಯಾನಿಂಗ್ಸ್ ಕಾಡಿನ ಗೇಟಿನ ಹತ್ತಿರ ನಿಲ್ಲಿಸಿ, ಸೊಂಟದೊಳಗೆ ಕೈ ಹಾಕಿ ನೋಡಿಕೊಂಡ. ಮುಖ ಸಪ್ಪಗಾಯಿತು.

"ಅಣ್ಣಾ, ಒಳಗೆ ಒದ್ದೆ ಆಗಿದೆ."

"ಚಳಿ ಆಗ್ತಿದೆಯಾ?"

ಒಂದು ಕ್ಷಣ ಯೋಚನೆ ಮಾಡಿದ. "ಇಲ್ಲ."

"ಹಾಗಾದ್ರೆ ನಡಿ, ಇನ್ನೊಂದು ಸುತ್ತು ಹೊಡೆಯೋಣ. ನಾಲ್ಕಕ್ಕೆಲ್ಲ ಕತ್ತಲಾಗುತ್ತೆ."