ಉಂಗುರವಿಲ್ಲದ ನಿಶ್ಚಿತಾರ್ಥ

ನಿಶ್ಚಿತಾರ್ಥಕ್ಕೆ ಉಂಗುರ ಬೇಡ ಅಂತ ನಾನು ತೀರ್ಮಾನ ಮಾಡಿದ್ದು ಜಯನಗರ ನಾಲ್ಕನೇ ಬ್ಲಾಕಿನ ಒಂದು ಒಡವೆ ಅಂಗಡಿಯಲ್ಲಿ. ನಾವು ಹೋಗಿದ್ದು ಹುಡುಗನ ಉಂಗುರಕ್ಕೆ. ನಮ್ಮಲ್ಲಿ ಹುಡುಗನಿಗೆ ಹೆಣ್ಣಿನ ಮನೆಯವರು, ಹುಡುಗಿಗೆ ಗಂಡಿನ ಮನೆಯವರು ಉಂಗುರ ತರುವುದು ಈಗ ವಾಡಿಕೆ. ಅವರ ಕಡೆಯಿಂದ ನನಗೆ ವಜ್ರದ್ದು ನೋಡುತ್ತಿದ್ದಾರೆ ಅನ್ನೋ ಸುದ್ದಿ ಮೊದಲೇ ಬಂದಿತ್ತು. "ಅವರು ಡೈಮಂಡ್ ಹಾಕಿದರೆ ನಾವು ಬರೀ ಚಿನ್ನ ಹಾಕೋಕಾಗುತ್ತಾ?" ಅಂತ ಅಮ್ಮ ಹಿಂದಿನ ವಾರದಿಂದಲೇ ಶುರು ಮಾಡಿದ್ದರು.

ಅಂಗಡಿಯವರು ಒಂದು ಉಂಗುರ ತೆಗೆದು, ಎಸ್ಟಿಮೇಟ್ ಚೀಟಿ ಬರೆದು ಅಪ್ಪನ ಕೈಗೆ ಕೊಟ್ಟರು. ಅಪ್ಪ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದರು. ಆಮೇಲೆ ನಾನೂ ಓದಿದೆ. ಚಿನ್ನ 18 ಕ್ಯಾರೆಟ್. 22 ಕ್ಯಾರೆಟ್ ಚಿನ್ನ ಮೆತ್ತಗೆ, ಕಲ್ಲು ಗಟ್ಟಿಯಾಗಿ ಕೂರುವುದಿಲ್ಲ ಅಂತ ಅದಕ್ಕೊಂದು ಕಾರಣ ಹೇಳಿದರು. ಅಂದರೆ ನೂರರಲ್ಲಿ 75 ಭಾಗ ಮಾತ್ರ ಚಿನ್ನ. ವಜ್ರ 30 ಸೆಂಟ್, ಅಂದರೆ ಒಂದು ಕ್ಯಾರೆಟ್ಟಿನ ನೂರರಲ್ಲಿ 30 ಭಾಗ. ವಜ್ರದ ತೂಕದಲ್ಲಿ ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ, ಹಾಗಾಗಿ ಈ ಕಲ್ಲು 60 ಮಿಲಿಗ್ರಾಂ. ಹೆಚ್ಚುಕಡಿಮೆ ಮೂರು ಅಕ್ಕಿಕಾಳಿನ ತೂಕ. ಅದರ ಕೆಳಗೆ ಮೇಕಿಂಗ್ ಚಾರ್ಜ್, ಅದರ ಕೆಳಗೆ ಶೇ. 3ರಷ್ಟು ಜಿಎಸ್‌ಟಿ. ಒಟ್ಟು ಒಂದು ಲಕ್ಷ ದಾಟಿತ್ತು.

ಅಪ್ಪ ಒಂದೇ ಪ್ರಶ್ನೆ ಕೇಳಿದರು. "ನಾಳೆ ಕಷ್ಟ ಅಂತ ಬಂದರೆ ಇದಕ್ಕೆ ಎಷ್ಟು ಬರುತ್ತೆ?" ಚಿನ್ನಕ್ಕೆ ಅವತ್ತಿನ ರೇಟು ಸಿಗುತ್ತೆ, ಮೇಕಿಂಗ್ ಚಾರ್ಜು, ಟ್ಯಾಕ್ಸು ವಾಪಸ್ ಬರಲ್ಲ, ಕಲ್ಲಿಗೆ ಒಂದಿಷ್ಟು ಪರ್ಸೆಂಟ್ ಕಳೀತೀವಿ, ಅದೂ ನಮ್ಮ ಬಿಲ್ ಇದ್ದರೆ ಅಂದರು. ಅಪ್ಪ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು. ಅವರು ರಿಟೈರ್ ಆಗಿ ವರ್ಷಗಳಾಗಿವೆ. ಛತ್ರ, ಊಟ, ಸೀರೆ, ಎಲ್ಲಕ್ಕೂ ಲೆಕ್ಕ ಬರೆದಿಟ್ಟುಕೊಂಡಿದ್ದರು. ನಮ್ಮ ಹಿಂಜರಿಕೆ ನೋಡಿ ಅಂಗಡಿಯ ಹುಡುಗಿ, "ಸಾಮಾನ್ಯವಾಗಿ ಎರಡು ತಿಂಗಳ ಸಂಬಳದಷ್ಟು ರಿಂಗಿಗೆ ಹಾಕ್ತಾರೆ ಮೇಡಂ" ಅಂದಳು. ಅವಳಿಗೆ ಕಲಿಸಿಕೊಟ್ಟ ಮಾತು, ಅವಳ ಮೇಲೆ ನನಗೆ ಕೋಪವಿಲ್ಲ. ಆದರೆ ಈ ಎರಡು ತಿಂಗಳ ಲೆಕ್ಕ ಎಲ್ಲಿಂದ ಬಂತು?

ಬಂದಿದ್ದು ಜಾಹೀರಾತಿನಿಂದ. ದಕ್ಷಿಣ ಆಫ್ರಿಕಾದಲ್ಲಿ 1860ರ ದಶಕದ ಕೊನೆಯಲ್ಲಿ ವಜ್ರದ ದೊಡ್ಡ ನಿಕ್ಷೇಪಗಳು ಸಿಕ್ಕವು. ಕಲ್ಲು ಹೇರಳವಾಗಿ ಬಂದರೆ ಬೆಲೆ ಬೀಳುತ್ತದೆ ಅಲ್ವಾ? ಅದಕ್ಕೇ 1888ರಲ್ಲಿ ಶುರುವಾದ ಡಿ ಬಿಯರ್ಸ್ ಕಂಪನಿ ಗಣಿಗಳನ್ನು ಒಂದೇ ಕೈಗೆ ತಂದುಕೊಂಡು, ಮಾರುಕಟ್ಟೆಗೆ ಎಷ್ಟು ಬಿಡಬೇಕು ಅನ್ನುವುದನ್ನೂ ತಾನೇ ನಿರ್ಧರಿಸಿತು. 1938ರಲ್ಲಿ ಅಮೆರಿಕದ ಒಂದು ಜಾಹೀರಾತು ಸಂಸ್ಥೆಯನ್ನು ಹಿಡಿಯಿತು. ವಜ್ರ ಶಾಶ್ವತ ಅನ್ನುವ ಅವರ ಘೋಷಣೆ ಹುಟ್ಟಿದ್ದು 1947ರಲ್ಲಿ. ಬರೆದದ್ದು ಫ್ರಾನ್ಸಿಸ್ ಗೆರೆಟಿ ಎಂಬ ಮಹಿಳೆ. ಎರಡು ತಿಂಗಳ ಸಂಬಳ ಅನ್ನುವ ಲೆಕ್ಕ 1980ರ ದಶಕದ ಅವರದೇ ಜಾಹೀರಾತಿನದು. ಜಪಾನಿನವರಿಗೆ ಅದೇ ಮೂರು ತಿಂಗಳಾಯಿತು. ಯಾವ ಹಿರಿಯರೂ ಇಟ್ಟ ಕಟ್ಟಳೆ ಅಲ್ಲ ಇದು. ಮಾರುವವನು ಕೊಳ್ಳುವವನಿಗೆ ಹೇಳಿಕೊಟ್ಟ ಬೆಲೆ.

ನಮ್ಮ ಕಡೆಯ ಮಾತು ಇನ್ನೂ ವಿಚಿತ್ರ. ಹದಿನೆಂಟನೇ ಶತಮಾನದಲ್ಲಿ ಬ್ರೆಜಿಲಿನಲ್ಲಿ ಸಿಗುವವರೆಗೂ ಜಗತ್ತಿನ ವಜ್ರವೆಲ್ಲ ಹೆಚ್ಚುಕಡಿಮೆ ಭಾರತದಿಂದಲೇ ಹೋಗುತ್ತಿತ್ತು. ಗೋಲ್ಕೊಂಡ ನಮ್ಮ ಪಕ್ಕದಲ್ಲೇ ಇತ್ತು. ಹಾಗಿದ್ದೂ ನಮ್ಮ ಮನೆಗಳ ನಿಶ್ಚಯಕ್ಕೆ ಉಂಗುರ ಬೇಕಿರಲಿಲ್ಲ. ನನ್ನ ಅಜ್ಜಿಯದು ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಹಣ್ಣು, ಹೂವಿನಲ್ಲಿ ಮುಗಿದಿತ್ತು. ಎರಡೂ ಕಡೆಯ ಹಿರಿಯರು ಎದುರುಬದುರು ಕೂತು, ಕೊಡ್ತೀವಿ ಅಂತ ಇವರು, ತಗೋತೀವಿ ಅಂತ ಅವರು, ನಾಲ್ಕು ಜನರ ಮುಂದೆ ಹೇಳಿ ತಾಂಬೂಲ ಬದಲಾಯಿಸಿದರೆ ಮುಗೀತು. ಮಾತೇ ಗಟ್ಟಿ. ಆ ಕಾಲದಲ್ಲಿ ಹೆಣ್ಣಿನ ಒಪ್ಪಿಗೆ ಯಾರೂ ಕೇಳುತ್ತಿರಲಿಲ್ಲ ಅನ್ನುವುದು ನಿಜ, ಅದನ್ನು ನಾನು ಹೊಗಳುವುದಿಲ್ಲ. ಆದರೆ ಆ ಶಾಸ್ತ್ರಕ್ಕೆ ಯಾರ ಮನೆಯವರೂ ಸಾಲ ಮಾಡಬೇಕಾಗಿರಲಿಲ್ಲ.

ಈಗಂತೂ ನಿಶ್ಚಿತಾರ್ಥಕ್ಕೂ ಮೊದಲೇ ಪ್ರಾಮಿಸ್ ರಿಂಗ್ ಬಂದಿದೆ. ಫೆಬ್ರವರಿ 11 ಪ್ರಾಮಿಸ್ ಡೇ ಅಂತೆ. ಡಿಗ್ರಿ ಓದುತ್ತಿರುವ ಪರಿಚಯದ ಹುಡುಗನೊಬ್ಬ ಅದಕ್ಕಾಗಿ ಕಂತಿನಲ್ಲಿ ಉಂಗುರ ತೆಗೆದ. ಆ ವಯಸ್ಸಿನ ಪ್ರೀತಿಗೆ ಕಂತು ಕಟ್ಟುವ ಭಾರ ಯಾಕೆ? ನನಗೆ ನಿಜಕ್ಕೂ ಸಂಕಟವಾಯಿತು.

ಅಂಗಡಿಯಿಂದ ಹೊರಗೆ ಬಂದು ಪಕ್ಕದ ದರ್ಶಿನಿಯಲ್ಲಿ ಕಾಫಿ ಹಿಡಿದು ನಿಂತಾಗ ಉಂಗುರವೇ ಬೇಡ ಅಂತ ಅಮ್ಮನಿಗೆ ಹೇಳಿದೆ. ಅಮ್ಮನ ಕಣ್ಣಲ್ಲಿ ನೀರು ಬಂತು. "ನಾಳೆ ಅವರ ಮನೇಲಿ ನಿನ್ನನ್ನ ಹಗುರವಾಗಿ ನೋಡಬಾರದು ಕಣೇ" ಅಂದರು. ಅಲ್ಲೇ ನಿಂತು ನಾನು ಹುಡುಗನಿಗೆ ಫೋನ್ ಮಾಡಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ನನಗೆ ಉಂಗುರ ಹಾಕಿ ಅಭ್ಯಾಸನೇ ಇಲ್ಲ. ಅಮ್ಮ ಬೇಜಾರು ಮಾಡ್ಕೋತಾರೆ ಅಂತ ಏನೂ ಹೇಳಿರಲಿಲ್ಲ" ಅಂದರು. ಸಂಜೆ ಅವರ ಅಮ್ಮನೇ ನಮ್ಮಮ್ಮನಿಗೆ ಫೋನ್ ಮಾಡಿದರು. ವಜ್ರಕ್ಕೆ ಅವರೂ ಒಂದು ಎಫ್‌ಡಿ ಮುರಿಸಬೇಕು ಅಂತಿದ್ದರಂತೆ. "ಹೆಣ್ಣಿನ ಕಡೆಯವರು ನಮ್ಮನ್ನ ಜಿಪುಣರು ಅಂದ್ಕೋಬಾರದಲ್ಲ" ಅಂತ. ಇಬ್ಬರು ತಾಯಂದಿರು, ಒಬ್ಬರಿಗೊಬ್ಬರು ಹೆದರಿ, ಇಬ್ಬರಿಗೂ ಬೇಡದ ಖರ್ಚಿಗೆ ಸಿದ್ಧವಾಗಿದ್ದರು. ಇದನ್ನು ಕೇಳಿದಾಗ ನನಗೆ ಆ ಉಂಗುರದ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಸುಲಭವಾಗಿ ಮುಗಿಯಲಿಲ್ಲ. ನಮ್ಮ ಸೋದರಮಾವ, "ದುಷ್ಯಂತನೇ ಶಕುಂತಲೆಗೆ ಉಂಗುರ ಕೊಟ್ಟಿದ್ದ, ನಮ್ಮದೇ ಸಂಪ್ರದಾಯ" ಅಂತ ವಾದಕ್ಕೆ ಕೂತರು. ಆ ಉಂಗುರ ಕಾಳಿದಾಸ ಸೇರಿಸಿದ್ದು, ಮಹಾಭಾರತದ ಶಕುಂತಲೆಯ ಕಥೆಯಲ್ಲಿ ಉಂಗುರವೇ ಇಲ್ಲ, ಅಲ್ಲಿ ಅವಳು ತುಂಬಿದ ಸಭೆಯಲ್ಲಿ ನಿಂತು ಕೊಟ್ಟ ಮಾತು ಉಳಿಸಿಕೋ ಅಂತ ರಾಜನನ್ನೇ ಕೇಳುತ್ತಾಳೆ ಅಂದೆ. ಮಾವ ಒಪ್ಪಲಿಲ್ಲ, ಆದರೆ ಬಂದು ಮುಂದೆ ನಿಂತು ಎಲ್ಲ ನಡೆಸಿಕೊಟ್ಟರು.

ನಿಶ್ಚಿತಾರ್ಥ ಬಸವನಗುಡಿಯಲ್ಲಿ ಆಯಿತು. ಲಗ್ನಪತ್ರಿಕೆ ಓದಿದರು, ತಾಂಬೂಲ ಬದಲಾಯಿಸಿದರು. ಒಂದು ಹೊಸ ಮಾತು ನಾವೇ ಸೇರಿಸಿದೆವು. ಹಿರಿಯರು ಹೇಳಿದ ಮೇಲೆ ನಾನು, ಅವರು, ಇಬ್ಬರೂ ಎದ್ದು ನಿಂತು ನಮಗೆ ಒಪ್ಪಿಗೆ ಇದೆ ಅಂತ ಬಾಯಿಬಿಟ್ಟು ಹೇಳಿದೆವು. ಫೋಟೋಗ್ರಾಫರ್ ಮಾತ್ರ "ಮೇಡಂ, ರಿಂಗ್ ಶಾಟ್ ಇಲ್ಲದೆ ಆಲ್ಬಮ್ ಹೇಗೆ?" ಅಂತ ತಬ್ಬಿಬ್ಬಾದರು. ತಾಂಬೂಲದ ತಟ್ಟೆಯದು ತೆಗೀರಿ ಅಂದೆವು.

ಅಮ್ಮ ಒಡವೆ ಅಂಗಡಿಯ 11 ತಿಂಗಳ ಸ್ಕೀಮಿಗೆ ಕಟ್ಟಿದ ದುಡ್ಡು ಹಾಗೇ ಉಳಿದಿತ್ತು. ಅದನ್ನು ನಗದಾಗಿ ಕೊಡುವುದಿಲ್ಲ, ಒಡವೆಯನ್ನೇ ತಗೋಬೇಕು. ನನ್ನ ಇಂಜಿನಿಯರಿಂಗ್ ಫೀಸಿಗೆ ಅಮ್ಮ ತಮ್ಮ ಬಳೆ ಅಡವಿಟ್ಟಿದ್ದರು, ಅದನ್ನು ಮತ್ತೆ ಬಿಡಿಸಲು ಆಗಿರಲೇ ಇಲ್ಲ. ಕಳೆದ ತಿಂಗಳು ಅವರನ್ನು ಬಲವಂತವಾಗಿ ಕರೆದುಕೊಂಡು ಹೋದೆ. 22 ಕ್ಯಾರೆಟ್ ಬಳೆ, 916 ಮುದ್ರೆ, ಪಕ್ಕದಲ್ಲಿ ಅಕ್ಷರ, ಅಂಕಿ ಸೇರಿ ಆರು ಸ್ಥಾನದ ಹಾಲ್‌ಮಾರ್ಕ್ ನಂಬರು. ಅಮ್ಮ ಭೂತಗನ್ನಡಿ ಕೇಳಿ ಇಸಿದುಕೊಂಡು ಅದನ್ನೆಲ್ಲ ತಾವೇ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಕುರ್ಚಿ ಮುಂದಕ್ಕೆ ಎಳೆದು, "ವೇಸ್ಟೇಜ್ ಎಷ್ಟು ಹಾಕಿದ್ದೀರಾ? ಅದನ್ನ ಮೊದಲು ಕಡಿಮೆ ಮಾಡಿ" ಅಂತ ಚೌಕಾಸಿಗೆ ಕೂತರು.